ಗುಂಡಿ ಒತ್ತಿದ್ದೂ ನಿಜ, ಯಾರೂ ಬಾರದಿದ್ದುದೂ ನಿಜ: ನರ್ಸ್ ಕಾಲ್ ವ್ಯವಸ್ಥೆಯ ವಲಯಗಳ ಲೆಕ್ಕಾಚಾರ

ಆಸ್ಪತ್ರೆಗಳ ನಿರ್ಲಕ್ಷ್ಯದ ಸುದ್ದಿಗಳಲ್ಲಿ ಒಂದು ಬಗೆಯ ಸುದ್ದಿ ಓದುಗರನ್ನು ಪ್ರತಿ ಸಲವೂ ಗೊಂದಲಕ್ಕೆ ತಳ್ಳುತ್ತದೆ. ರೋಗಿಯ ಕಡೆಯವರು ‘ಬೆಲ್ ಒತ್ತಿ ಒತ್ತಿ ಸಾಕಾಯಿತು, ಯಾರೂ ಬರಲಿಲ್ಲ’ ಎಂದು ದೂರುತ್ತಾರೆ. ಆಸ್ಪತ್ರೆಯವರು ‘ನಮ್ಮ ನರ್ಸ್ ಕಾಲ್ ವ್ಯವಸ್ಥೆ ಸುಸ್ಥಿತಿಯಲ್ಲಿದೆ, ಆ ಹೊತ್ತಿನಲ್ಲಿ ಸಿಬ್ಬಂದಿಯೂ ಡ್ಯೂಟಿಯಲ್ಲಿದ್ದರು’ ಎಂದು ಹೇಳಿಕೆ ಕೊಡುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಲೇಬೇಕು ಎಂದು ಓದುವವರಿಗೆ ಅನಿಸುವುದು ಸಹಜ. ಆದರೆ ಈ ಎರಡು ಮಾತೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ, ಮತ್ತು ಹಾಗೆ ಆಗುವುದು ಅಪರೂಪವೂ ಅಲ್ಲ.

ಹಾಸಿಗೆಯ ಪಕ್ಕದ ಗುಂಡಿಗೂ ಓಡಿ ಬರಬೇಕಾದ ನರ್ಸ್‌ಗೂ ನಡುವೆ ಹೊರಗಿನವರಿಗೆ ಕಾಣದ ಒಂದು ತೀರ್ಮಾನ ಕೂತಿರುತ್ತದೆ. ಈ ಕರೆ ಯಾವ ಫಲಕದಲ್ಲಿ ಮಿನುಗಬೇಕು, ಯಾರ ಕಿವಿಗೆ ಬೀಳಬೇಕು, ಅವರು ಬಾರದಿದ್ದರೆ ಎಷ್ಟು ಹೊತ್ತಿನ ನಂತರ ಇನ್ಯಾರಿಗೆ ಹೋಗಬೇಕು ಎಂಬುದನ್ನು ಯಾರೋ ಒಬ್ಬರು ಎಂದೋ ಕೂತು ನಿರ್ಧರಿಸಿರುತ್ತಾರೆ. ಹಾಸಿಗೆಗಳನ್ನು ಹೀಗೆ ಗುಂಪು ಮಾಡಿ, ಒಂದೊಂದು ಗುಂಪಿನ ಕರೆಗೆ ಒಂದೊಂದು ದಾರಿ ಗೊತ್ತುಮಾಡುವುದನ್ನೇ ವಲಯ ರಚನೆ, ಆಸ್ಪತ್ರೆಯವರ ಬಾಯಲ್ಲಿ ‘ಝೋನ್ ಹಾಕುವುದು’, ಎನ್ನುತ್ತಾರೆ. ಯಂತ್ರ ಕೆಟ್ಟಿಲ್ಲದಿದ್ದರೂ ಕರೆ ಯಾರನ್ನೂ ತಲುಪದೇ ಹೋಗುವುದು ಹೆಚ್ಚಾಗಿ ಈ ಹಂತದಲ್ಲೇ.

ಹಜಾರದಿಂದ ಒಂಟಿ ಕೋಣೆಗೆ

1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಕಾಲದ ವಾರ್ಡ್ ಎಂದರೆ ಉದ್ದನೆಯ ಹಜಾರ. ಎರಡೂ ಬದಿಗೆ ಹಾಸಿಗೆಗಳ ಸಾಲು, ನಡುವೆ ಓಡಾಡುವ ದಾರಿ, ಎಲ್ಲರೂ ಕಾಣುವಂಥ ಜಾಗದಲ್ಲಿ ಸಿಸ್ಟರ್ ಮೇಜು. ಅಲ್ಲಿ ಕೈ ಎತ್ತಿದರೆ ಸಾಕಿತ್ತು, ನರಳಿದರೂ ಕೇಳುತ್ತಿತ್ತು. ಸರ್ಕಾರಿ ಆಸ್ಪತ್ರೆಗಳ ಸಾಮಾನ್ಯ ವಾರ್ಡ್‌ಗಳಲ್ಲಿ ಇಂದಿಗೂ ನಿಜವಾದ ಕಾಲ್ ಬೆಲ್ ಎಂದರೆ ರೋಗಿಯ ಜೊತೆಗಿರುವವರು. ಡ್ರಿಪ್ ಬಾಟಲಿ ಮುಗಿಯುತ್ತ ಬಂದಾಗ ಎದ್ದು ಹೋಗಿ ‘ಸಿಸ್ಟರ್, ಸ್ವಲ್ಪ ನೋಡಿ’ ಎಂದು ಕರೆದು ತರುವವರು ಅವರೇ. ಈ ಏರ್ಪಾಟಿನಲ್ಲಿ ಕೊರತೆಗಳು ಬೇಕಾದಷ್ಟಿವೆ, ಆದರೆ ಒಂದು ಗುಣವೂ ಇದೆ: ಕರೆಯುವವರು ನರ್ಸ್ ಎಲ್ಲಿದ್ದಾರೆಂದು ಹುಡುಕಿಕೊಂಡು ಹೋಗುತ್ತಾರೆ, ಉತ್ತರ ಸಿಗುವವರೆಗೆ ಅಲ್ಲಿಂದ ಕದಲುವುದಿಲ್ಲ.

ಹಜಾರದಲ್ಲಿ ಗೋಡೆಗಳು ಎದ್ದು ಸೆಮಿ ಪ್ರೈವೇಟ್, ಪ್ರೈವೇಟ್, ಡಿಲಕ್ಸ್ ಕೋಣೆಗಳಾದಾಗ, ಅದುವರೆಗೆ ಕಣ್ಣು ಕಿವಿಗಳು ಮಾಡುತ್ತಿದ್ದ ಕೆಲಸವನ್ನು ತಂತಿಗೆ ಒಪ್ಪಿಸಬೇಕಾಯಿತು. ಈಗ ಜಿಲ್ಲಾ ಕೇಂದ್ರಗಳಲ್ಲೂ ಏಳುತ್ತಿರುವ ಖಾಸಗಿ ಆಸ್ಪತ್ರೆಗಳು ಕೋಣೆಗಳ ಆಸ್ಪತ್ರೆಗಳೇ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಮಾನದಂಡಗಳು ರೋಗಿಯ ಸುರಕ್ಷತೆಗೆ ಬೇಕಾದ ಸಾಧನಗಳನ್ನು ಅಳವಡಿಸಿ ಕಾಲಕಾಲಕ್ಕೆ ಪರಿಶೀಲಿಸುತ್ತಿರಬೇಕು ಎನ್ನುತ್ತವೆ. ಹಿಡಿಕಂಬಿ, ಹಾಸಿಗೆಯ ಕಟಕಟೆಗಳಂತೆ ಕಾಲ್ ಬೆಲ್ ಕೂಡ ಇಂಥ ಸಾಧನವೇ. ಬೆಲ್ ಇದೆಯೇ, ಒತ್ತಿದರೆ ದೀಪ ಉರಿಯುತ್ತದೆಯೇ ಎಂಬುದನ್ನು ಪರಿಶೀಲನೆಗೆ ಬಂದವರು ನೋಡಬಹುದು. ರಾತ್ರಿ ಮೂರು ಗಂಟೆಗೆ ಅದು ಯಾರ ಬಳಿ ಕೂಗುತ್ತದೆ ಎಂಬುದು ಮಾತ್ರ ಚೆಕ್‌ಲಿಸ್ಟಿನಲ್ಲಿ ಒಂದು ಗುರುತು ಹಾಕಿ ತಿಳಿಯುವ ಸಂಗತಿಯಲ್ಲ.

ಇದು ನಮ್ಮಲ್ಲಷ್ಟೇ ಎದ್ದಿರುವ ಪ್ರಶ್ನೆಯೂ ಅಲ್ಲ. ಇಂಗ್ಲೆಂಡಿನ ಪೆಂಬರಿಯಲ್ಲಿ 2011ರಲ್ಲಿ ತೆರೆದ ಟನ್‌ಬ್ರಿಜ್ ವೆಲ್ಸ್ ಆಸ್ಪತ್ರೆಯಲ್ಲಿ ಒಳರೋಗಿಗಳೆಲ್ಲರಿಗೂ ಒಂಟಿ ಕೋಣೆ ಕೊಡಲಾಯಿತು. ಅಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಎರಡರಷ್ಟು ರೋಗಿಗಳು ಒಂಟಿ ಕೋಣೆಯೇ ಇಷ್ಟವೆಂದರು; ಆದರೆ ನರ್ಸ್‌ಗಳು ನಡೆಯಬೇಕಾದ ದೂರ ಹೆಚ್ಚಾಗಿತ್ತು, ರೋಗಿಗಳ ಮೇಲೆ ಕಣ್ಣಿಡುವುದೂ ಸಹೋದ್ಯೋಗಿಗಳು ಎಲ್ಲಿದ್ದಾರೆಂದು ತಿಳಿಯುವುದೂ ಕಷ್ಟವಾಗಿತ್ತು. ನಮ್ಮ ಕರಾವಳಿಯಿಂದ ಬ್ರಿಟನ್ನಿಗೂ ಕೊಲ್ಲಿ ದೇಶಗಳಿಗೂ ಹೋಗಿ ದುಡಿಯುತ್ತಿರುವ ನರ್ಸ್‌ಗಳಿಗೆ ಈ ಬದಲಾವಣೆ ಓದಿ ತಿಳಿಯಬೇಕಾದ ವಿಷಯವಲ್ಲ.

1853ರ ಒಂದು ಬೇಡಿಕೆ

ವಲಯ ಎಂಬ ಪದ ಹೊಸದು, ಕಲ್ಪನೆ ಹಳೆಯದು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಮಹಿಳಾ ಆಸ್ಪತ್ರೆಯೊಂದರ ಹೊಣೆ ಹೊರಲು ಸಿದ್ಧವಾಗುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಗಳ ಗಂಟೆಗಳು ಆಯಾ ಮಹಡಿಯ ನರ್ಸ್ ಕೋಣೆಯ ಬಾಗಿಲಾಚೆಯೇ ಬಾರಿಸುವಂತಿರಬೇಕು, ಯಾವ ಗಂಟೆ ಬಾರಿಸಿತೋ ಅದರ ಮುಚ್ಚಳ ತೆರೆದುಕೊಂಡು ಹಾಗೆಯೇ ನಿಲ್ಲಬೇಕು ಎಂದು ಪತ್ರ ಬರೆದು ಕೇಳಿದ್ದರು. ಮುಚ್ಚಳ ತೆರೆದೇ ಇದ್ದರೆ, ಕರೆದವರು ಯಾರೆಂದು ನರ್ಸ್ ಆಮೇಲೆ ಬಂದರೂ ಕಂಡುಕೊಳ್ಳಬಹುದು.

ಇಂದಿನ ಸಾವಿರಾರು ಸಾಲಿನ ಸಾಫ್ಟ್‌ವೇರ್ ಮಾಡುವುದೂ ಮೂಲತಃ ಇವೆರಡನ್ನೇ. ಮಹಡಿಯ ಕರೆ ಮಹಡಿಯ ನರ್ಸ್‌ಗೆ ಹೋಗಬೇಕೆಂಬುದು ವಲಯ. ಮುಚ್ಚಳ ತಾನಾಗಿ ಮುಚ್ಚಿಕೊಳ್ಳಬಾರದೆಂಬುದು, ಹಾಸಿಗೆಯ ಬಳಿಗೆ ಹೋಗಿ ರದ್ದು ಮಾಡುವವರೆಗೆ ಕರೆ ಜೀವಂತವಾಗಿರಬೇಕೆಂಬ ಇಂದಿನ ನಿಯಮ. ನರ್ಸ್ ಕಾಲ್ ಸಾಧನಗಳಿಗಾಗಿ ಇರುವ ಅಮೆರಿಕದ ಯುಎಲ್ 1069 ಮಾನದಂಡವು ತುರ್ತು ಕರೆಯನ್ನು ಅದು ಹೊರಟ ಜಾಗದಲ್ಲೇ ರದ್ದು ಮಾಡಬೇಕು ಎನ್ನುವುದರ ಹಿಂದಿರುವ ತರ್ಕವೂ ಇದೇ.

ಒಂದು ಪದ, ಹಲವು ಅರ್ಥ

ಸಭೆಯಲ್ಲಿ ಕೂತವರೆಲ್ಲ ‘ಝೋನ್’ ಎಂದಾಗ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ನಕ್ಷೆ ಇರುತ್ತದೆ; ಗೊಂದಲದ ಅರ್ಧ ಪಾಲು ಅಲ್ಲೇ ಹುಟ್ಟುತ್ತದೆ. ವೈರಿಂಗ್ ಮಾಡುವವರಿಗೆ ವಲಯ ಎಂದರೆ ಒಂದು ಕಂಟ್ರೋಲರಿಗೆ ಜೋಡಿಸಿದ ಕೋಣೆಗಳ ಗುಂಪು. ಕೇಬಲ್ ಎಲ್ಲಿ ಸಲೀಸಾಗಿ ಹೋಗುತ್ತದೋ ಅದರಂತೆ ಈ ಗುಂಪು ಏರ್ಪಡುತ್ತದೆ, ಅಂದರೆ ಇದು ಕಟ್ಟಡದ ಲೆಕ್ಕ. ಎರಡನೆಯದು ಕಾಣುವ ವಲಯ: ಕೋಣೆಯ ಬಾಗಿಲ ಮೇಲಿನ ದೀಪ, ಕಾರಿಡಾರ್ ತಿರುವಿನ ದೀಪ, ನರ್ಸಿಂಗ್ ಸ್ಟೇಷನ್ನಿನ ಫಲಕ ಇವು ಯಾವ ಯಾವ ಹಾಸಿಗೆಗಳ ಕರೆಗೆ ಉರಿಯುತ್ತವೆ ಎಂಬುದು. ಕಾರಿಡಾರ್ ಎಲ್ ಆಕಾರದಲ್ಲಿ ತಿರುಗಿದರೆ ಸ್ಟೇಷನ್ನಿನಲ್ಲಿ ನಿಂತವರಿಗೆ ಆಚೆ ಬದಿಯ ಬಾಗಿಲ ದೀಪ ಕಾಣುವುದಿಲ್ಲ. ಅದಕ್ಕೇ ಹಲವು ಕಾರಿಡಾರ್‌ಗಳು ಕೂಡುವಲ್ಲಿ ಹೆಚ್ಚುವರಿ ದೀಪ ಬೇಕೆಂದು ಅಮೆರಿಕದ ಆಸ್ಪತ್ರೆ ವಿನ್ಯಾಸದ ಮಾರ್ಗಸೂಚಿಗಳು ಹೇಳುತ್ತವೆ.

ಮೂರನೆಯದು ಹೊಣೆಯ ವಲಯ. ಈ ಪಾಳಿಯಲ್ಲಿ 1ರಿಂದ 5ನೇ ಹಾಸಿಗೆಯವರೆಗೆ ಯಾರು, 6ರಿಂದ 10ರವರೆಗೆ ಯಾರು ಎಂಬ ಹಂಚಿಕೆ ಇದು. ಮೊದಲ ಎರಡು ವಲಯಗಳು ವರ್ಷಗಟ್ಟಲೆ ಬದಲಾಗದೆ ನಿಂತಿರುತ್ತವೆ. ಇದು ಮಾತ್ರ ಒಂದು ಪಾಳಿಯವರು ಮುಂದಿನವರಿಗೆ ಕೆಲಸ ಒಪ್ಪಿಸುವ ಪ್ರತಿ ಹ್ಯಾಂಡೋವರ್‌ನಲ್ಲಿ ಬದಲಾಗುತ್ತದೆ. ಕರೆಯನ್ನು ನರ್ಸ್ ಜೇಬಿನ ಫೋನಿಗೋ ಪೇಜರಿಗೋ ಕಳಿಸುವ ಹೊಸ ವ್ಯವಸ್ಥೆಗಳಲ್ಲಿ ಈ ಹಂಚಿಕೆಯನ್ನು ಪಾಳಿ ಶುರುವಾಗುವಾಗ ಯಾರಾದರೂ ಕಂಪ್ಯೂಟರಿಗೆ ತುಂಬಲೇಬೇಕು. ತುಂಬದಿದ್ದರೆ ಯಂತ್ರವು ಹಿಂದಿನ ಪಾಳಿಯ ಹಂಚಿಕೆಯನ್ನೇ ಸತ್ಯವೆಂದು ನಂಬಿಕೊಂಡು ನಡೆಯುತ್ತದೆ. ಡ್ಯೂಟಿ ಮುಗಿಸಿ ಬಸ್ ಹತ್ತಿದವರ ಹೆಸರಿಗೆ ಕರೆ ಹೋಗುತ್ತಿರುತ್ತದೆ, ಅವರು ಬಿಟ್ಟುಹೋದ ಫೋನು ಚಾರ್ಜರಿನಲ್ಲಿ ಕೂತು ಗುನುಗುತ್ತಿರುತ್ತದೆ.

ಈ ಮೂರು ನಕ್ಷೆಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕೆಂಬ ನಿಯಮವೇನೂ ಇಲ್ಲ, ಕೂರುವುದೂ ಕಡಿಮೆ. ತೊಂದರೆ ಇರುವುದು ಕೇಬಲ್ಲಿನ ನಕ್ಷೆಯನ್ನೇ ಹೊಣೆಯ ನಕ್ಷೆಯೆಂದು ಒಪ್ಪಿಕೊಂಡುಬಿಡುವುದರಲ್ಲಿ. ವ್ಯವಸ್ಥೆ ಕೂರಿಸಲು ಬಂದ ಕಂಪನಿಯವರು ‘ಎಷ್ಟು ಝೋನ್ ಬೇಕು?’ ಎಂದು ಕೇಳಿದಾಗ, ಉತ್ತರ ಕೊಡಬೇಕಾದ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಆ ಸಭೆಯಲ್ಲಿ ಇರುವುದೇ ಇಲ್ಲ. ‘ಮಹಡಿಗೆ ಎರಡು ಹಾಕಿ’ ಎಂದು ಪ್ರಾಜೆಕ್ಟ್ ಇಲಾಖೆಯವರು ಹೇಳಿ ಮುಗಿಸಿರುತ್ತಾರೆ.

ವಲಯ ಚಿಕ್ಕದಿರಬೇಕೇ, ದೊಡ್ಡದಿರಬೇಕೇ

ವಾದ ನಿಜಕ್ಕೂ ಬಿಸಿಯಾಗುವುದು ಇಲ್ಲಿ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡ್‌ನಲ್ಲಿ ಪ್ರತಿ 3 ರೋಗಿಗಳಿಗೆ, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಪ್ರತಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ರಜೆಯ ಸಲುವಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು. ಎರಡನೆಯ ಅನುಪಾತವನ್ನೇ ಹಿಡಿದು ಲೆಕ್ಕಕ್ಕಾಗಿ 30 ಹಾಸಿಗೆಗಳ ಒಂದು ವಾರ್ಡ್ ಕಲ್ಪಿಸಿಕೊಳ್ಳೋಣ. ಪಾಳಿಯಲ್ಲಿ 6 ನರ್ಸ್‌ಗಳು. ಒಂದು ಹಾಸಿಗೆಯಿಂದ ಎರಡು ಗಂಟೆಗೊಂದು ಕರೆ. ಅಂದರೆ ವಾರ್ಡ್‌ನಲ್ಲಿ ಗಂಟೆಗೆ 15 ಕರೆ, ಸರಾಸರಿ 4 ನಿಮಿಷಕ್ಕೊಂದು.

ಇಡೀ ವಾರ್ಡ್ ಒಂದೇ ವಲಯವಾದರೆ ಆರು ಜನಕ್ಕೂ ಹದಿನೈದೂ ಕರೆ ಕೇಳಿಸುತ್ತವೆ. ಆರು ಗಂಟೆಗಳ ಪಾಳಿಯಲ್ಲಿ ಒಬ್ಬೊಬ್ಬರ ಕಿವಿಗೆ 90 ಸಲ ಸದ್ದು ಬೀಳುತ್ತದೆ, ಅದರಲ್ಲಿ ತಮ್ಮ ರೋಗಿಗಳದ್ದು 15 ಮಾತ್ರ. ಉಳಿದ 75 ಸಲ ‘ಇದು ನನ್ನದಲ್ಲ’ ಎಂದು ಮನಸ್ಸಿಗೆ ಹೇಳಿಕೊಳ್ಳಬೇಕಾಗುತ್ತದೆ. ದಿನಕ್ಕೆ 75 ಸಲ ಅಭ್ಯಾಸವಾದ ಈ ಉತ್ತರ ಎಪ್ಪತ್ತಾರನೆಯ ಸಲ, ಕರೆ ತಮ್ಮದೇ ಆಗಿದ್ದಾಗಲೂ, ತಾನಾಗಿ ಬಂದುಬಿಡುವುದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ, ಎಲ್ಲರಿಗೂ ಕೇಳಿಸುವ ಕರೆಗೆ ಯಾರೋ ಹೋಗಿರುತ್ತಾರೆ ಎಂಬ ನಂಬಿಕೆ ಬೆಳೆಯುತ್ತದೆ. ಊರಿನವರೆಲ್ಲರ ಕೆರೆಯ ಹೂಳನ್ನು ಯಾರೂ ಎತ್ತದಿರುವ ಕಾರಣವೂ ಇದೇ.

ಹಾಗಾದರೆ ಐದೈದು ಹಾಸಿಗೆಗಳ ಆರು ವಲಯ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ? ಈಗ ಪ್ರತಿಯೊಬ್ಬರಿಗೂ 24 ನಿಮಿಷಕ್ಕೊಂದು ಕರೆ, ಬಂದದ್ದೆಲ್ಲ ತಮ್ಮದೇ. ಹೊಣೆ ಸ್ಪಷ್ಟವಾಯಿತು, ಸದ್ದೂ ತಗ್ಗಿತು. ಆದರೆ ಬೇರೊಂದು ಕಡೆ ಪೆಟ್ಟು ಬಿತ್ತು. ನರ್ಸ್ ಒಬ್ಬರು ಪಾಳಿಯ ಶೇ 60ರಷ್ಟು ಹೊತ್ತು ಬಿಟ್ಟು ಬರಲಾಗದ ಕೆಲಸದಲ್ಲಿರುತ್ತಾರೆ ಎಂದು ಇಟ್ಟುಕೊಳ್ಳಿ: ಇಂಜೆಕ್ಷನ್, ಡ್ರೆಸ್ಸಿಂಗ್, ಡಾಕ್ಟರ ಜೊತೆ ರೌಂಡ್ಸ್, ಕೇಸ್ ಶೀಟ್ ಬರೆಯುವುದು. ಒಬ್ಬರೇ ಇರುವ ವಲಯದಲ್ಲಿ ನೂರರಲ್ಲಿ 60 ಕರೆಗಳು ಬರುವ ಕ್ಷಣಕ್ಕೆ ಬಿಡುವಿರುವವರು ಯಾರೂ ಇಲ್ಲ. ಇಬ್ಬರಿರುವ ವಲಯದಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಕೊಂಡಿರುವ ಸಂಭವ ಶೇ 36. ಮೂವರಿದ್ದರೆ ಸುಮಾರು 22. ಆರೂ ಜನ ಒಟ್ಟಿಗೆ ಸಿಕ್ಕಿಕೊಂಡಿರುವ ಸಂಭವ ಶೇ 5ಕ್ಕೂ ಕಡಿಮೆ. ಎಲ್ಲರಿಗೂ ಏಕಕಾಲಕ್ಕೆ ಬಿಡುವಿಲ್ಲದಂತೆ ಮಾಡುವ ರೌಂಡ್ಸ್, ಹ್ಯಾಂಡೋವರ್, ಔಷಧ ಕೊಡುವ ಹೊತ್ತುಗಳನ್ನು ಈ ಲೆಕ್ಕ ಗಣಿಸಿಲ್ಲವಾದ್ದರಿಂದ ವಾಸ್ತವ ಇದಕ್ಕಿಂತ ಬಿಗಿಯಾಗಿಯೇ ಇರುತ್ತದೆ.

ಹೀಗೆ ದೊಡ್ಡ ವಲಯದಲ್ಲಿ ಕೈ ಖಾಲಿ ಇರುವವರು ಸಿಗುತ್ತಾರೆ, ಹೊಣೆ ಹೊರುವವರು ಸಿಗುವುದಿಲ್ಲ. ಚಿಕ್ಕ ವಲಯದಲ್ಲಿ ಹೊಣೆ ಯಾರದ್ದೆಂದು ಗೊತ್ತಿರುತ್ತದೆ, ಅವರ ಕೈ ಖಾಲಿ ಇರುವುದಿಲ್ಲ. ನರ್ಸಿಂಗ್ ಮೇಲ್ವಿಚಾರಕರು ಒಂದು ಪಕ್ಷ, ಆಡಳಿತದವರು ಇನ್ನೊಂದು ಪಕ್ಷ ಹಿಡಿದು ವಾದಿಸುವಾಗ ಇಬ್ಬರ ಅನುಭವವೂ ಸರಿಯೇ ಆಗಿರುತ್ತದೆ.

ಇದಕ್ಕೆ ಸಾಮಾನ್ಯವಾಗಿ ಕಂಡುಕೊಂಡಿರುವ ದಾರಿ ಎಂದರೆ ಪದರ ಪದರವಾದ ವಲಯ. ಕರೆ ಮೊದಲು ಆ ಹಾಸಿಗೆಯ ನರ್ಸ್‌ಗೆ ಮಾತ್ರ ಹೋಗುತ್ತದೆ. ಒಂದು ನಿಮಿಷದಲ್ಲಿ ಯಾರೂ ಸ್ವೀಕರಿಸದಿದ್ದರೆ ಪಕ್ಕದ ವಲಯದ ಜೊತೆಗಾರರಿಗೂ, ಇನ್ನೂ ಎರಡು ನಿಮಿಷ ಕಳೆದರೆ ಇಡೀ ವಾರ್ಡಿಗೂ ಇನ್‌ಚಾರ್ಜ್‌ಗೂ ಹೋಗುತ್ತದೆ. ಕಾಗದದ ಮೇಲೆ ಇದು ಸೊಗಸಾಗಿ ಕಾಣುತ್ತದೆ, ಒಂದು ಮಿತಿಯವರೆಗೆ ಚೆನ್ನಾಗಿಯೂ ನಡೆಯುತ್ತದೆ. ಆದರೆ ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಇಬ್ಬರಿಗೂ ಬಿಡುವಿಲ್ಲದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರೆಗಳು ಮೂರನೆಯ ಪದರದ ಕಡೆಗೆ ಹೊರಡುತ್ತವೆ. ಅಲ್ಲಿಗೆ ವಾರ್ಡ್ ಮತ್ತೆ ಒಂದೇ ದೊಡ್ಡ ವಲಯದ ಗದ್ದಲಕ್ಕೆ ಮರಳಿದಂತಾಯಿತು. ಆದ್ದರಿಂದ ಎಷ್ಟು ಕರೆಗಳು ಕೊನೆಯ ಪದರ ತಲುಪುತ್ತಿವೆ ಎಂಬ ಸಂಖ್ಯೆಯನ್ನು ವ್ಯವಸ್ಥೆಯ ಜಾಣತನದ ಗುರುತೆಂದು ಓದದೆ, ಕೈಗಳ ಕೊರತೆಯ ಅಳತೆಯೆಂದು ಓದುವುದು ಹೆಚ್ಚು ಪ್ರಾಮಾಣಿಕ.

ಸ್ಪೀಕರಿನಲ್ಲೇ ಕೇಳಿದರಾಗದೇ?

ಇನ್ನೊಂದು ವಾದ ಕೇಂದ್ರೀಕರಣದ್ದು. ಎಲ್ಲ ಕರೆಗಳೂ ಒಂದೇ ಮೇಜಿಗೆ ಬರಲಿ, ಅಲ್ಲಿ ಕೂತವರು ಹಾಸಿಗೆಯ ಸ್ಪೀಕರ್ ಮೂಲಕ ‘ಏನು ಬೇಕಿತ್ತು?’ ಎಂದು ಕೇಳಿ, ನೀರು ಬೇಕೆಂದರೆ ಆಯಾಗೆ, ನೋವೆಂದರೆ ನರ್ಸ್‌ಗೆ, ಎಸಿ ಕೆಟ್ಟಿದೆಯೆಂದರೆ ನಿರ್ವಹಣಾ ವಿಭಾಗಕ್ಕೆ ಹಂಚಲಿ ಎಂಬುದು ಇದರ ಸಾರ. ಇದರಲ್ಲಿ ತಿರುಳಿದೆ. ನರ್ಸ್ ಗುಂಡಿಯಿಂದ ಹೊರಡುವ ಕರೆಗಳಲ್ಲಿ ನರ್ಸ್‌ನ ವಿದ್ಯೆ ಬೇಡದ ಕೆಲಸಗಳೂ ಬಹಳ ಇರುತ್ತವೆ, ಅವನ್ನು ಬೇರೆ ದಾರಿಗೆ ತಿರುಗಿಸಿದರೆ ಒಂದು ನಡಿಗೆ ಉಳಿಯುತ್ತದೆ.

ಆದರೆ ಬೆಂಗಳೂರಿನಂಥ ಊರಿನಲ್ಲಿ ಇದು ಮುಗ್ಗರಿಸುವುದು ಭಾಷೆಯ ಮೇಲೆ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದ ನರ್ಸ್‌ಗೂ ಕಲಬುರಗಿ ಕಡೆಯ ಅಜ್ಜಿಗೂ ನಡುವೆ ಮುಖ ನೋಡಿ, ಕೈಸನ್ನೆ ಮಾಡಿ ಹೇಗೋ ನಡೆಯುವ ಸಂವಾದ, ಗೊರಗೊರ ಎನ್ನುವ ಸ್ಪೀಕರಿನಲ್ಲಿ ನಡೆಯುವುದಿಲ್ಲ. ಪಾರ್ಶ್ವವಾಯುವಿನಿಂದ ಮಾತು ತೊದಲುವವರು, ಆಕ್ಸಿಜನ್ ಮಾಸ್ಕ್ ಹಾಕಿಕೊಂಡವರು, ಕಿವಿ ಮಂದವಾದವರು ಏನೆಂದು ಉತ್ತರ ಕೊಟ್ಟಾರು? ಉತ್ತರ ಬರಲಿಲ್ಲವೆಂದು ಮೇಜಿನಿಂದಲೇ ಕರೆ ಮುಚ್ಚಲು ಅವಕಾಶವಿದ್ದರೆ, ಅತಿ ಹೆಚ್ಚು ಅಪಾಯದಲ್ಲಿರುವವರ ಕರೆಯೇ ಮೊದಲು ಮುಚ್ಚಿಹೋಗುತ್ತದೆ. ನೈಟಿಂಗೇಲ್ ಕೇಳಿದ ಆ ತೆರೆದ ಮುಚ್ಚಳವನ್ನು ದೂರದಿಂದ ಮುಚ್ಚುವ ಸೌಕರ್ಯ ಇದು.

ಕರೆ ವ್ಯವಸ್ಥೆಗಳಿಗಾಗಿ ಇರುವ ಜರ್ಮನಿಯ ಡಿಐಎನ್ ವಿಡಿಇ 0834 ಮಾನದಂಡ ಹಿಡಿದ ದಾರಿ ಬೇರೆ. ನರ್ಸ್ ಕೋಣೆಯೊಳಗೆ ಹೋದಾಗ ಗೋಡೆಯ ಗುಂಡಿ ಒತ್ತಿ ತಾನಿಲ್ಲಿದ್ದೇನೆ ಎಂದು ದಾಖಲಿಸುತ್ತಾರೆ, ಬಾಗಿಲ ಮೇಲೆ ಹಸಿರು ದೀಪ ಉರಿಯುತ್ತದೆ. ಅವರ ವಲಯದ ಬೇರೆ ಕೋಣೆಯಿಂದ ಕರೆ ಬಂದರೆ ಅದು ಅವರಿರುವ ಕೋಣೆಯಲ್ಲೇ ಸದ್ದು ಮಾಡುತ್ತದೆ. ಖಾಲಿ ಮೇಜಿನ ಬಳಿ ಬೆಲ್ ಬಾರಿಸುತ್ತಿರುವ ಪ್ರಮೇಯವೇ ಬರುವುದಿಲ್ಲ. ಹಜಾರದ ವಾರ್ಡ್‌ನಲ್ಲಿ ಜೊತೆಗಿರುವವರು ಸಿಸ್ಟರನ್ನು ಹುಡುಕಿಕೊಂಡು ಹೋಗುತ್ತಿದ್ದರಲ್ಲ, ಅದೇ ಕೆಲಸವನ್ನು ಇಲ್ಲಿ ತಂತಿ ಮಾಡುತ್ತದೆ. ಇದು ನಡೆಯಬೇಕಾದರೆ ಒಳಹೋದಾಗ ಒಮ್ಮೆ, ಹೊರಬರುವಾಗ ಒಮ್ಮೆ ಗುಂಡಿ ಒತ್ತುವ ಅಭ್ಯಾಸ ಪ್ರತಿ ನರ್ಸ್‌ಗೂ ಕೂಡಿಬರಬೇಕು. ಅಭ್ಯಾಸ ತಪ್ಪಿದ ದಿನ ಹಸಿರು ದೀಪವೂ ಸುಳ್ಳು ಹೇಳುತ್ತದೆ.

ರಾತ್ರಿ ಎಂಬ ಬೇರೆ ಆಸ್ಪತ್ರೆ

ಮೊದಲಿನ ಗೊಂದಲದ ಗಂಟು ಬಿಚ್ಚುವುದು ಇಲ್ಲಿ. ಹಗಲು ಆರು ಜನರಿದ್ದ ವಾರ್ಡ್‌ನಲ್ಲಿ ರಾತ್ರಿ ಇಬ್ಬರೋ ಮೂವರೋ ಇರುತ್ತಾರೆ. ಹಗಲಿಗೆಂದು ಹಾಕಿದ ಆರು ವಲಯಗಳು ರಾತ್ರಿಯೂ ಹಾಗೆಯೇ ಉಳಿದರೆ, ಇಬ್ಬರು ನರ್ಸ್‌ಗಳು ಎರಡು ವಲಯಗಳ ಫೋನ್ ಹಿಡಿದು ಓಡಾಡುತ್ತಿರುತ್ತಾರೆ. ಉಳಿದ ನಾಲ್ಕಕ್ಕೆ ಒಡೆಯರಿಲ್ಲ. ಆ ನಾಲ್ಕು ವಲಯಗಳ ರೋಗಿ ಗುಂಡಿ ಒತ್ತಿದಾಗ ಬಾಗಿಲ ಮೇಲೆ ದೀಪ ಉರಿಯುತ್ತದೆ, ಸ್ಟೇಷನ್ನಿನ ಫಲಕದಲ್ಲಿ ಸಂಖ್ಯೆ ಮೂಡುತ್ತದೆ, ದಾಖಲೆಯಲ್ಲಿ ಕರೆ ನಮೂದಾಗುತ್ತದೆ. ಆದರೆ ನರ್ಸ್‌ಗಳಿಬ್ಬರೂ ಕೋಣೆಗಳೊಳಗಿದ್ದಾರೆ, ಅವರ ಜೇಬಿನ ಫೋನು ಸುಮ್ಮನಿದೆ. ಮರುದಿನ ಪರಿಶೀಲಿಸಿದರೆ ವ್ಯವಸ್ಥೆ ಸುಸ್ಥಿತಿಯಲ್ಲಿತ್ತು ಎಂಬುದಕ್ಕೂ ಸಿಬ್ಬಂದಿ ಡ್ಯೂಟಿಯಲ್ಲಿದ್ದರು ಎಂಬುದಕ್ಕೂ ಪುರಾವೆ ಸಿಗುತ್ತದೆ. ಕರೆದವರ ದೂರಂತೂ ನಿಜವೇ.

ಹೊತ್ತಿಗೆ ತಕ್ಕಂತೆ ವಲಯಗಳನ್ನು ಕೂಡಿಸುವ ಸೌಲಭ್ಯ ಈಗಿನ ಅನೇಕ ವ್ಯವಸ್ಥೆಗಳಲ್ಲಿದೆ. ರಾತ್ರಿ ಎಂಟಕ್ಕೆ ಆರು ವಲಯ ಎರಡಾಗಬೇಕು, ಬೆಳಿಗ್ಗೆ ಎಂಟಕ್ಕೆ ಮತ್ತೆ ಆರಾಗಬೇಕು ಎಂದು ಮೊದಲೇ ಹೊಂದಿಸಿಡಬಹುದು. ಗಡಿಯಾರ ನೋಡಿ ತಾನಾಗಿ ಬದಲಾಗುವ ಏರ್ಪಾಟಿಗೂ ಇನ್‌ಚಾರ್ಜ್ ಕೈಯಾರೆ ಬದಲಿಸುವ ಏರ್ಪಾಟಿಗೂ ಒಂದೊಂದು ದೋಷವಿದೆ. ಹ್ಯಾಂಡೋವರ್ ಇಪ್ಪತ್ತು ನಿಮಿಷ ತಡವಾದ ದಿನ ಗಡಿಯಾರ ಕಾಯುವುದಿಲ್ಲ. ಗಡಿಬಿಡಿಯ ದಿನ ಮನುಷ್ಯರಿಗೆ ನೆನಪಾಗುವುದಿಲ್ಲ. ಎರಡನ್ನೂ ಬೆರೆಸಿ, ಯಾವ ವಲಯಕ್ಕೆ ಯಾರೂ ಲಾಗಿನ್ ಆಗಿಲ್ಲವೋ ಅದರ ಕರೆಗಳು ತಡವಿಲ್ಲದೆ ಪಕ್ಕದ ವಲಯ ಸೇರುವಂತೆ ಮಾಡುವುದು ಹೆಚ್ಚು ಕ್ಷೇಮ. ಒಡೆಯರಿಲ್ಲದ ವಲಯವನ್ನು ವ್ಯವಸ್ಥೆ ಒಪ್ಪಿಕೊಳ್ಳಲೇಬಾರದು ಎಂಬ ಈ ಒಂದು ಷರತ್ತು ಟೆಂಡರ್ ದಾಖಲೆಯಲ್ಲಿ ಇರುವುದು, ಪರದೆಯ ಬಣ್ಣ ಗಾತ್ರಗಳ ಬಗ್ಗೆ ಬರೆಯುವ ಎರಡು ಪುಟಗಳಿಗಿಂತ ಮೇಲು.

ಎಲ್ಲ ಕರೆಗೂ ಒಂದೇ ನಕ್ಷೆ ಸಲ್ಲದು

ಒಂದೇ ಹಾಸಿಗೆಯಿಂದ ಹೊರಡುವ ಬೇರೆ ಬೇರೆ ಕರೆಗಳಿಗೆ ಬೇರೆ ಬೇರೆ ವಲಯ ಬೇಕಾಗುತ್ತದೆ. ಹೃದಯ ನಿಂತಾಗ ಒತ್ತುವ ಕೋಡ್ ಬ್ಲೂ ಗುಂಡಿಗೆ ವಾರ್ಡ್ ಗಡಿಯೇ ಇರಬಾರದು. ಐಸಿಯುನಲ್ಲಿರುವ ತಂಡಕ್ಕೂ ಅದು ಅದೇ ಕ್ಷಣ ಮುಟ್ಟಬೇಕು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆಯ ನಂತರ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿದಾಗಿನಿಂದ ಸಿಬ್ಬಂದಿಯ ರಕ್ಷಣೆಯ ಪ್ಯಾನಿಕ್ ಬಟನ್‌ಗಳ ಮಾತೂ ಹೆಚ್ಚಾಗಿದೆ. ಅವನ್ನು ನರ್ಸ್ ಕಾಲ್ ವ್ಯವಸ್ಥೆಗೇ ಜೋಡಿಸುವಾಗ ಕರೆ ಕಾವಲು ಸಿಬ್ಬಂದಿಯ ವಲಯಕ್ಕೆ ಹೋಗಬೇಕು, ಒತ್ತಿದ ಕೋಣೆಯಲ್ಲಿ ಸದ್ದಾಗಬಾರದು. ನರ್ಸಿಂಗ್ ಸ್ಟೇಷನ್ನಿನಲ್ಲಿ ಮಾತ್ರ ಮೊಳಗುವ ಪ್ಯಾನಿಕ್ ಬಟನ್, ಅಪಾಯದಲ್ಲಿರುವ ಒಬ್ಬ ಹೆಣ್ಣುಮಗಳ ಕೂಗನ್ನು ಇನ್ನೊಬ್ಬ ಹೆಣ್ಣುಮಗಳಿಗೆ ತಲುಪಿಸುವುದಷ್ಟೇ ಆಗುತ್ತದೆ.

ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಶೌಚಾಲಯದ ಕರೆ. ಶಸ್ತ್ರಚಿಕಿತ್ಸೆಯಾದ ಮರುದಿನ ಎದ್ದು ಹೋದವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರು ತಲೆಸುತ್ತಿ ಬೀಳುವುದು ಅಲ್ಲೇ, ಒದ್ದೆ ನೆಲದ ಮೇಲೆ. ಅಲ್ಲಿಂದ ಬರುವ ಕರೆಯನ್ನು ಹಾಸಿಗೆಯ ಕರೆಯಂತೆ ಒಂದು ನಿಮಿಷ ಮೊದಲ ಪದರದಲ್ಲಿ ಕಾಯಿಸದೆ, ಆರಂಭದಲ್ಲೇ ಇಡೀ ವಾರ್ಡಿಗೆ ಕೇಳಿಸಬೇಕು. ಕರೆಯಲು ಎಳೆಯುವ ದಾರವೂ ನೆಲದ ಹತ್ತಿರದವರೆಗೆ ಇಳಿದಿರಬೇಕು. ಅಂಗವಿಕಲರ ಶೌಚಾಲಯಗಳಿಗೆಂದು ಇಂಗ್ಲೆಂಡಿನ ಕಟ್ಟಡ ಮಾರ್ಗಸೂಚಿಯಲ್ಲಿ ದಾರಕ್ಕೆ ಕಟ್ಟಿದ ಕೆಳಗಿನ ಕೆಂಪು ಬಳೆ ನೆಲದಿಂದ 100 ಮಿಲಿಮೀಟರ್ ಎತ್ತರದಲ್ಲಿರಬೇಕೆಂದು ಹೇಳಿದೆ, ಏಕೆಂದರೆ ಬಿದ್ದವರ ಕೈ ಅಷ್ಟಕ್ಕೇ ಎಟುಕುವುದು. ನಮ್ಮಲ್ಲಿ ನೆಲ ತೊಳೆಯಲು ಅಡ್ಡಿಯೆಂದು ಅದನ್ನು ಸುತ್ತಿ ನಲ್ಲಿಗೋ ಕೊಕ್ಕೆಗೋ ಕಟ್ಟಿಬಿಟ್ಟಿರುತ್ತಾರೆ. ಆ ಗಂಟನ್ನು ಬಿಚ್ಚುವ ವಲಯ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ದಾಖಲೆಯ ಸಂಖ್ಯೆಗಳನ್ನು ಓದುವ ಬಗೆ

ಕರೆ ಬಂದ ಕ್ಷಣ, ರದ್ದಾದ ಕ್ಷಣ ಎರಡೂ ದಾಖಲಾಗುವುದರಿಂದ ‘ಸರಾಸರಿ ಸ್ಪಂದನೆ ಮೂರು ನಿಮಿಷ’ ಎಂಬಂಥ ಅಂಕಿಗಳು ಸಮರ್ಥನೆಗೆ ಬರುತ್ತವೆ. ನೂರರಲ್ಲಿ 90 ಕರೆಗೆ 1 ನಿಮಿಷದಲ್ಲಿ, 10 ಕರೆಗೆ 20 ನಿಮಿಷದಲ್ಲಿ ಉತ್ತರ ಸಿಕ್ಕರೂ ಸರಾಸರಿ 2.9 ನಿಮಿಷವೇ. ಆ ಹತ್ತು ಕರೆಗಳು ಯಾವ ವಲಯದವು, ಯಾವ ಹೊತ್ತಿನವು ಎಂದು ಬಿಡಿಸಿ ನೋಡದಿದ್ದರೆ ಸರಾಸರಿ ಏನನ್ನೂ ಹೇಳುವುದಿಲ್ಲ. ಇದೇ ಅಂಕಿಯನ್ನು ನರ್ಸ್‌ಗಳ ಮೌಲ್ಯಮಾಪನಕ್ಕೆ ಬಳಸತೊಡಗಿದರೆ ಆಗುವುದೂ ಊಹೆಗೆ ನಿಲುಕದ್ದಲ್ಲ: ಓಡಿಬಂದು ಗುಂಡಿ ರದ್ದು ಮಾಡಿ, ‘ಈಗ ಬಂದೆ’ ಎಂದು ಹೇಳಿ ಹೊರಟುಹೋಗುವುದು ರೂಢಿಯಾಗುತ್ತದೆ. ದಾಖಲೆ ಸುಂದರವಾಗುತ್ತದೆ, ಬೆಡ್‌ಪ್ಯಾನ್ ಬರುವುದಿಲ್ಲ.

ವಲಯ ರಚನೆಯ ಮಿತಿಯನ್ನೂ ಇಲ್ಲೇ ಹೇಳಬೇಕು. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯ ವೈಫಲ್ಯಗಳ ವಿಚಾರಣೆಯಲ್ಲಿ ರೋಗಿಗಳ ಕರೆಗೆ ಉತ್ತರವೇ ಸಿಗದಿದ್ದ ಸಂಗತಿಗಳು ಹೊರಬಂದವು. ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ ಅವರ 2013ರ ವರದಿ ಬೆರಳು ತೋರಿದ್ದು ಸಿಬ್ಬಂದಿ ಕೊರತೆ ಮತ್ತು ಆಡಳಿತದ ಆದ್ಯತೆಗಳ ಕಡೆಗೆ, ವೈರಿಂಗಿನ ಕಡೆಗಲ್ಲ. ಇನ್ನೊಂದೆಡೆ, 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ನರ್ಸ್‌ಗಳು ಗಂಟೆಗೊಮ್ಮೆ ತಾವಾಗಿಯೇ ಹೋಗಿ ವಿಚಾರಿಸಿದ ವಾರ್ಡ್‌ಗಳಲ್ಲಿ ಕರೆಗಳು ಸುಮಾರು ಶೇ 38ರಷ್ಟು ಇಳಿದಿದ್ದವು. ನೋವು, ಶೌಚ, ಮಗ್ಗುಲು ಬದಲಿಸುವುದು, ಕೈಗೆಟುಕುವಲ್ಲಿ ನೀರು ಇವನ್ನು ಮೊದಲೇ ವಿಚಾರಿಸಿದರೆ ಗುಂಡಿ ಒತ್ತುವ ಅಗತ್ಯವೇ ಕಡಿಮೆಯಾಗುತ್ತದೆ. ಕರೆ ಕಡಿಮೆಯಾದ ವಾರ್ಡ್‌ನಲ್ಲಿ ಯಾವ ಗಾತ್ರದ ವಲಯವಾದರೂ ನಡೆದೀತು. ಕರೆ ಮಿತಿಮೀರಿದಲ್ಲಿ ಯಾವುದೂ ನಡೆಯದು.

ಹಾಕಿದ ಮೇಲೆ ಯಾರ ಹೊಣೆ

ಸರಿಯಾಗಿ ಹಾಕಿದ ವಲಯವೂ ಕ್ರಮೇಣ ಹಾಳಾಗುತ್ತದೆ. ಪ್ರೈವೇಟ್ ಕೋಣೆಯೊಂದರಲ್ಲಿ ಎರಡು ಹಾಸಿಗೆ ಹಾಕುತ್ತಾರೆ, ಬಣ್ಣ ಬಳಿದ ಮೇಲೆ ಕೋಣೆಗಳ ಸಂಖ್ಯೆ ಬದಲಾಗುತ್ತದೆ, ಹೆರಿಗೆ ವಾರ್ಡ್ ಕೆಳಮಹಡಿಗೆ ಇಳಿಯುತ್ತದೆ. ಫಲಕದಲ್ಲಿ 12 ಎಂದು ಕಾಣುವ ಹಾಸಿಗೆ ಈಗ 14. ಹಳಬ ಸಿಸ್ಟರ್‌ಗಳಿಗೆ ಇದು ಬಾಯಿಪಾಠವಾಗಿರುತ್ತದೆ. ಮೊನ್ನೆ ಕೆಲಸಕ್ಕೆ ಸೇರಿದವರು 12ನೇ ಹಾಸಿಗೆಗೆ ಹೋಗಿ, ಅಲ್ಲಿ ನೆಮ್ಮದಿಯಾಗಿ ಮಲಗಿದವರನ್ನು ಕಂಡು ಹಿಂದಿರುಗುತ್ತಾರೆ. ಇದನ್ನು ತಿದ್ದಬೇಕಾದವರು ಯಾರು? ಬಯೋಮೆಡಿಕಲ್ ವಿಭಾಗ ಇದು ವೈದ್ಯಕೀಯ ಉಪಕರಣವಲ್ಲ ಎನ್ನುತ್ತದೆ, ಐಟಿ ವಿಭಾಗ ಇದು ಎಲೆಕ್ಟ್ರಿಕಲ್ ಎನ್ನುತ್ತದೆ, ಎಲೆಕ್ಟ್ರಿಕಲ್‌ನವರು ಸಾಫ್ಟ್‌ವೇರ್ ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ನಿರ್ವಹಣಾ ಒಪ್ಪಂದ ಮುಗಿದಿದೆ ಎನ್ನುತ್ತಾರೆ.

ಪರೀಕ್ಷೆಯ ವಿಧಾನವೇನೋ ಸರಳ. ಪ್ರತಿ ಹಾಸಿಗೆ, ಪ್ರತಿ ಶೌಚಾಲಯದ ಗುಂಡಿ ಒತ್ತಿ, ಯಾವ ದೀಪ ಉರಿಯಿತು, ಯಾರ ಫೋನು ಕೂಗಿತು, ಸುಮ್ಮನಿದ್ದರೆ ಮುಂದಿನ ಪದರಕ್ಕೆ ಹೋಯಿತೇ ಎಂದು ಬರೆದುಕೊಳ್ಳುವುದು. ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡುವುದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ರೌಂಡ್ಸ್ ಮುಗಿದು, ಸಿಬ್ಬಂದಿಯೆಲ್ಲ ಇರುವಾಗ. ರಾತ್ರಿ ಪರೀಕ್ಷಿಸಿದರೆ ರೋಗಿಗಳ ನಿದ್ದೆ ಕೆಡುತ್ತದೆ ಎಂಬ ಕಾರಣ ನ್ಯಾಯವಾದದ್ದೇ. ಹೀಗಾಗಿ ಆರು ಜನರಿರುವ ಹಗಲಿನ ವಲಯಗಳು ಮತ್ತೆ ಮತ್ತೆ ಪಾಸಾಗುತ್ತಲೇ ಇರುತ್ತವೆ. ಇಬ್ಬರೇ ಇರುವ ರಾತ್ರಿಯ ವಲಯಗಳನ್ನು ಮೊದಲ ಬಾರಿಗೆ ಪರೀಕ್ಷಿಸುವವರು ಗುಂಡಿ ಒತ್ತಿ ಕಾಯುತ್ತಿರುವ ರೋಗಿಗಳೇ ಆಗಿರುತ್ತಾರೆ.